ಕಾಲಡಿಯ ರಡ್ಡರ್ ಏಕೆ ನಡುಗುತ್ತದೆ? ಮನೆಯಲ್ಲೇ ಸೆಸ್ನಾ 172 ನಿಯಂತ್ರಣಗಳನ್ನು ಕಟ್ಟುವವರಿಗೆ

ಓದುಗರ ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಎಕ್ಸ್-ಪ್ಲೇನ್ 12 ಎಂಬ ವಿಮಾನ ಸಿಮ್ಯುಲೇಟರ್ ಹಾಕಿಕೊಂಡು ಸೆಸ್ನಾ 172 ಹಾರಿಸುತ್ತೇನೆ. ಪ್ಲೈವುಡ್‌ನಲ್ಲಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಆಡಿಸುವ ಪೆಡಲ್ ಮಾಡಿ, ಮಧ್ಯದ ಬೋಲ್ಟಿಗೆ ನೇರವಾಗಿ 10 ಕಿಲೋ ಓಮ್ ಪೊಟೆನ್ಶಿಯೋಮೀಟರ್ (ತಿರುಗಿದಷ್ಟಕ್ಕೆ ತಕ್ಕಂತೆ ವೋಲ್ಟೇಜ್ ಬದಲಿಸುವ ಸೆನ್ಸರ್) ಸೇರಿಸಿ, ಅದನ್ನು ಓದಿ ಕಂಪ್ಯೂಟರಿಗೆ ಕಳಿಸುವ ಪ್ರೊ ಮೈಕ್ರೊ ಎಂಬ ಪುಟ್ಟ ಬೋರ್ಡಿಗೆ ಕೊಟ್ಟಿದ್ದೇನೆ. ಕಾಲು ಇಡದಿದ್ದರೂ ರಡ್ಡರ್ ನಡುಗುತ್ತದೆ. ಟೇಕಾಫ್ ಓಟದಲ್ಲಿ ವಿಮಾನ ಎಡಕ್ಕೆ ಎಳೆಯುತ್ತದೆ. ಸೆನ್ಸರ್ ಬದಲಿಸಬೇಕೆ? ಮುಂದೆ ಥ್ರಾಟಲ್, ಫ್ಲಾಪ್, ಸ್ವಿಚ್ ಪ್ಯಾನೆಲ್ ಮಾಡುವ ಆಸೆಯೂ ಇದೆ. ಯಾವುದನ್ನು ಹೇಗೆ ಮಾಡಬೇಕು?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ನಡುಕ ನಿಮ್ಮ ಪೆಡಲಿನದು. ಎಡಕ್ಕೆ ಎಳೆಯುವುದು ಬಹುಪಾಲು ವಿಮಾನದ್ದೇ.

ಎಳೆತದ ವಿಷಯ ಮೊದಲು ಮುಗಿಸೋಣ. ಸೆಸ್ನಾ 172ರ ಪ್ರೊಪೆಲ್ಲರ್ ಪೈಲಟ್ ಕುಳಿತ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಅದಕ್ಕೆ ಎದುರಾಗಿ ವಿಮಾನದ ಮೈ ಎಡಕ್ಕೆ ವಾಲಲು ನೋಡುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಿದ ಗಾಳಿ ಮೈಸುತ್ತ ಸುರುಳಿಯಾಗಿ ಬಂದು ಬಾಲದ ಎಡಮಗ್ಗುಲಿಗೆ ಬಡಿಯುತ್ತದೆ. ಮೂತಿ ಮೇಲೆದ್ದಾಗ ಕೆಳಕ್ಕಿಳಿಯುವ ಬಲಭಾಗದ ಪ್ರೊಪೆಲ್ಲರ್ ಎಲೆ ಎಡಭಾಗದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಮೂರೂ ಸೇರಿ ಮೂತಿಯನ್ನು ಎಡಕ್ಕೆ ತಿರುಗಿಸುತ್ತವೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಬಲಗಾಲು ಒತ್ತಿಯೇ ಇರಬೇಕು, ನಿಜ ವಿಮಾನದಲ್ಲೂ ಹಾಗೆಯೇ. ಪೆಡಲ್ ತಪ್ಪೋ ಅಲ್ಲವೋ ತಿಳಿಯಲು ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಹೊರಗಿನ ನೋಟದಿಂದ ಬಾಲವನ್ನು ನೋಡಿ. ಕಾಲು ತೆಗೆದಾಗ ರಡ್ಡರ್ ನೆಟ್ಟಗೆ ನಿಂತರೆ ಎಳೆತಕ್ಕೆ ಪೆಡಲ್ ಕಾರಣವಲ್ಲ. ಒಂದು ಕಡೆಗೆ ವಾಲಿ ನಿಂತರೆ ಸೊನ್ನೆಯ ಜಾಗ ತಪ್ಪಿದೆ, ಅದರ ಮಾತು ಮುಂದೆ ಬರುತ್ತದೆ.

ಇನ್ನು ನಡುಕ. ಕಾರಣ ಲೆಕ್ಕದಲ್ಲೇ ಇದೆ. ಪಾದಗಳ ನಡುವೆ 300 ಮಿ.ಮೀ. ಅಂತರವಿಟ್ಟು, ನಡುವಿನ ಬೋಲ್ಟಿನಿಂದ 150 ಮಿ.ಮೀ. ದೂರದಲ್ಲಿ ಪೆಡಲ್ ಇದ್ದರೆ, ಅದು 50 ಮಿ.ಮೀ. ಮುಂದೆ ಹೋಗಲು ಪೆಡಲ್ ಹೊತ್ತ ಅಡ್ಡಪಟ್ಟಿ ಸುಮಾರು 20 ಡಿಗ್ರಿ ತಿರುಗಿದರೆ ಸಾಕು. ಎರಡೂ ಕಡೆ ಸೇರಿ 40 ಡಿಗ್ರಿ. ಸಾಮಾನ್ಯ ಪೊಟೆನ್ಶಿಯೋಮೀಟರ್ ಸುಮಾರು 300 ಡಿಗ್ರಿ ತಿರುಗುವಂಥದ್ದು. ಪ್ರೊ ಮೈಕ್ರೊ ಬೋರ್ಡಿನ ಚಿಪ್ಪು ಆ ಪೂರ್ತಿ ಸುತ್ತನ್ನು 0ಯಿಂದ 1023ರವರೆಗೆ 1024 ಮೆಟ್ಟಿಲುಗಳಾಗಿ ಓದುತ್ತದೆ. ನಿಮ್ಮ 40 ಡಿಗ್ರಿಗೆ ಅದರಲ್ಲಿ ಸಿಗುವುದು 136 ಮೆಟ್ಟಿಲು ಮಾತ್ರ. ಯಾವ ಪೊಟೆನ್ಶಿಯೋಮೀಟರ್ ಆದರೂ ಓದಿನಲ್ಲಿ ಎರಡು ಮೆಟ್ಟಿಲು ಆಚೆ, ಎರಡು ಈಚೆ ಅಲ್ಲಾಡುತ್ತಲೇ ಇರುತ್ತದೆ. 136ರಲ್ಲಿ ನಾಲ್ಕು ಎಂದರೆ ಪೂರ್ತಿ ಚಲನೆಯ ಶೇ. 3. ನಿಮ್ಮ ಕಣ್ಣಿಗೆ ಬೀಳುತ್ತಿರುವ ನಡುಕ ಅದೇ. ದುಬಾರಿ ಪೊಟೆನ್ಶಿಯೋಮೀಟರ್ ತಂದು ಅದೇ ಬೋಲ್ಟಿಗೆ ಕಟ್ಟಿದರೆ ನಡುಕ ಸ್ವಲ್ಪ ತಗ್ಗೀತು, ಹೋಗುವುದಿಲ್ಲ. ಸೆನ್ಸರಿನ ಪೂರ್ತಿ ಓಟವನ್ನು ಪೆಡಲಿನ ಪೂರ್ತಿ ಓಟಕ್ಕೆ ಹೊಂದಿಸುವುದೇ ಮದ್ದು.

ಇದಕ್ಕೆ ಅಗ್ಗದ, ಗಟ್ಟಿ ದಾರಿ ಎಂದರೆ ಆಡಿಯೊ ಮಿಕ್ಸರುಗಳಲ್ಲಿರುವಂಥ, ನೇರವಾಗಿ ಜಾರುವ ಸ್ಲೈಡ್ ಪೊಟೆನ್ಶಿಯೋಮೀಟರ್. 60 ಮಿ.ಮೀ. ಓಟದ್ದು, 10 ಕಿಲೋ ಓಮ್, ಬಿ ಗುರುತಿನದು (ಓಟದುದ್ದಕ್ಕೂ ಒಂದೇ ಸಮನೆ ಬದಲಾಗುವಂಥದು) ತನ್ನಿ. ನಡುವಿನ ಬೋಲ್ಟಿನಿಂದ 80 ಮಿ.ಮೀ. ದೂರದಲ್ಲಿ ಪಟ್ಟಿಗೆ ಅದನ್ನು ಜೋಡಿಸಿದರೆ, 20 ಡಿಗ್ರಿ ಆಚೀಚೆ ತಿರುಗಿದಾಗ ಆ ಬಿಂದು ಒಟ್ಟು 54.7 ಮಿ.ಮೀ. ಚಲಿಸುತ್ತದೆ. 60ರಲ್ಲಿ 54.7 ಎಂದರೆ ಸುಮಾರು 930 ಮೆಟ್ಟಿಲು. ಅದೇ ನಾಲ್ಕು ಮೆಟ್ಟಿಲಿನ ಅಲ್ಲಾಟ ಈಗ ಶೇ. ಅರ್ಧವೂ ಆಗುವುದಿಲ್ಲ. ತುದಿಗಳಲ್ಲಿ ತಲಾ ಎರಡೂವರೆ ಮಿ.ಮೀ. ಉಳಿಯುವುದರಿಂದ ಕಾಲಿನ ಬಲ ಸೆನ್ಸರಿನ ಮೇಲೆ ಬೀಳುವುದೂ ಇಲ್ಲ.

ಕೊಳ್ಳುವಾಗ ಎ ಗುರುತಿನದನ್ನು ಒಪ್ಪಬೇಡಿ. ಅದು ಧ್ವನಿ ಏರಿಳಿಸಲು ಮಾಡಿದ್ದು, ಓಟದ ಒಂದು ತುದಿಯಲ್ಲಿ ನಿಧಾನ, ಇನ್ನೊಂದರಲ್ಲಿ ರಭಸ. ಗುರುತನ್ನೂ ಪೂರ್ತಿ ನಂಬಬೇಡಿ. ಗುಬುಟನ್ನು ಸರಿಯಾಗಿ ನಡುವೆ ನಿಲ್ಲಿಸಿ, ನಡುಗಾಲಿಗೂ (ಗುಬುಟಿಗೆ ಸೇರಿದ ಪಿನ್ನು) ಒಂದು ತುದಿಯ ಪಿನ್ನಿಗೂ ಮಲ್ಟಿಮೀಟರ್ ಹಿಡಿಯಿರಿ. 5 ಕಿಲೋ ಓಮ್ ಆಸುಪಾಸು ತೋರಿದರೆ ಸರಿ. 100 ಕಿಲೋ ಓಮಿನದೂ ಬೇಡ. ಈ ಚಿಪ್ಪಿಗೆ 10 ಕಿಲೋ ಓಮ್ ಅಥವಾ ಅದಕ್ಕಿಂತ ಕಡಿಮೆ ಅಡ್ಡಿಯ ಮೂಲವೇ ಹಿತ. ಹೆಚ್ಚಾದರೆ ಒಳಗಿನ ಪುಟ್ಟ ಕೆಪಾಸಿಟರ್ ತುಂಬುವಷ್ಟರಲ್ಲಿ ಓದು ಮುಗಿದಿರುತ್ತದೆ, ಹಿಂದಿನ ಪಿನ್ನಿನ ಶೇಷ ಇದರಲ್ಲಿ ಬೆರೆಯುತ್ತದೆ. ಥ್ರಾಟಲ್ ಎಳೆದರೆ ರಡ್ಡರ್ ಅಲುಗುವ ವಿಚಿತ್ರ ತೊಂದರೆಗೆ ಎಷ್ಟೋ ಸಲ ಇದೇ ಕಾರಣ.

ಅಯಸ್ಕಾಂತದ ಬಲವನ್ನು ಮುಟ್ಟದೆಯೇ ಅಳೆಯುವ ಹಾಲ್ ಸೆನ್ಸರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ತುಂಬ ಓಡಾಡುತ್ತದೆ. ಸವೆಯುವುದಿಲ್ಲ ಎಂಬುದು ನಿಜ. ಆದರೆ 49ಇ ಬಗೆಯ ಸೆನ್ಸರನ್ನು ಎರಡು ಅಯಸ್ಕಾಂತಗಳ ನಡುವೆ ಬರೀ 20 ಡಿಗ್ರಿ ತಿರುಗಿಸಿದರೆ, ಅಯಸ್ಕಾಂತ ದುರ್ಬಲವಾಗಿದ್ದಲ್ಲಿ ನಿಮ್ಮ ಈಗಿನ 136ಕ್ಕಿಂತ ದೊಡ್ಡ ಲಾಭವೇನೂ ಸಿಗುವುದಿಲ್ಲ. ಹತ್ತಿರದಲ್ಲಿ ಕಬ್ಬಿಣದ ಬೋಲ್ಟು ಚಲಿಸಿದರೂ ಓದು ಕೆಡುತ್ತದೆ. ಸವೆಯದ ಸೆನ್ಸರೇ ಬೇಕು ಎಂದಾದರೆ ಎಎಸ್5600 ನೋಡಿ. ಇದು ಸುತ್ತಿಗೆ 4096 ಮೆಟ್ಟಿಲು ಕೊಡುವ ಕೋನ ಸೆನ್ಸರ್, 40 ಡಿಗ್ರಿಗೆ 455 ಸಿಗುತ್ತದೆ. ಪಟ್ಟಿಯ ಜೊತೆ ತಿರುಗುವ ಬೋಲ್ಟಿನ ತುದಿಗೆ ಅಡ್ಡಲಾಗಿ ಕಾಂತೀಕರಿಸಿದ 6 ಮಿ.ಮೀ. ಗುಂಡು ಅಯಸ್ಕಾಂತ ಅಂಟಿಸಿ, ಚಿಪ್ಪಿನಿಂದ 0.5ರಿಂದ 3 ಮಿ.ಮೀ. ದೂರದಲ್ಲಿ ಮಧ್ಯಕ್ಕೆ ಮಧ್ಯ ಸೇರಿಸಬೇಕು. ದಿಕ್ಕಿನ ಪಿನ್ನನ್ನು ಗ್ರೌಂಡಿಗೆ ಕಟ್ಟದೆ ತೇಲಲು ಬಿಟ್ಟರೆ ಎಡಬಲ ತನ್ನಷ್ಟಕ್ಕೆ ತಿರುಗುಮುರುಗಾಗಬಹುದು. ಬೋರ್ಡು ಇದನ್ನು ಗುರುತಿಸುವ ವಿಳಾಸ ಬದಲಿಸಲು ಬರುವುದಿಲ್ಲ, ಹಾಗಾಗಿ ಒಂದೇ ಜೋಡಿ ತಂತಿಯಲ್ಲಿ ಎರಡನ್ನು ಕೂರಿಸಲಾಗದು.

ಕೀಲುಗಳು

ಮನೆಯಲ್ಲಿ ಮಾಡಿದ ಪೆಡಲ್ ಕೆಡುವುದು ಚಿಪ್ಪಿನಲ್ಲಲ್ಲ, ಕೀಲಿನಲ್ಲಿ. ಮರದ ತೂತಿನಲ್ಲಿ ಬರಿಯ ಬೋಲ್ಟ್ ತಿರುಗುತ್ತಿದ್ದರೆ ಕೆಲವೇ ವಾರಗಳಲ್ಲಿ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವ ಆ ಸಡಿಲ ಬಂದ ಮೇಲೆ ಯಾವ ಸೆನ್ಸರೂ ನಿಮ್ಮನ್ನು ಕಾಪಾಡದು. ಈಗ ಪಟ್ಟಿಯನ್ನು ಬಿಚ್ಚುವುದಿದ್ದರೆ ಕೆಳಗಿನಂತೆ ಹೊಸದಾಗಿ ಮಾಡಿ.

18 ಮಿ.ಮೀ. ಪ್ಲೈವುಡ್‌ನಲ್ಲಿ 360 ಮಿ.ಮೀ. ಉದ್ದ, 60 ಮಿ.ಮೀ. ಅಗಲದ ಎರಡು ಅಡ್ಡಪಟ್ಟಿ ಬೇಕು. ಒಂದು ಮುಂದೆ, ಇನ್ನೊಂದು ಅದರಿಂದ 120 ಮಿ.ಮೀ. ಹಿಂದೆ. ಪ್ರತಿಯೊಂದರ ನಡುವೆ ಒಂದು ಕೀಲು, ಅಲ್ಲಿಂದ ಎಡಬಲಕ್ಕೆ 150 ಮಿ.ಮೀ. ದೂರದಲ್ಲಿ ಒಂದೊಂದು. ಎಡತುದಿಗಳೆರಡನ್ನು ಒಂದು ಉದ್ದಪಟ್ಟಿ, ಬಲತುದಿಗಳೆರಡನ್ನು ಇನ್ನೊಂದು ಉದ್ದಪಟ್ಟಿ ಸೇರಿಸುತ್ತದೆ. ಪಾದದ ಹಲಗೆ ನಿಲ್ಲುವುದು ಈ ಉದ್ದಪಟ್ಟಿಗಳ ಮೇಲೆ. ಹೀಗೆ ಮಾಡಿದರೆ ಎಡಗಾಲು ಮುಂದೆ ಹೋದಾಗ ಬಲಗಾಲು ಅಷ್ಟೇ ಹಿಂದೆ ಬರುತ್ತದೆ, ಮತ್ತು ಪಾದ ಎಲ್ಲಿದ್ದರೂ ನೇರ ಮುಂದಕ್ಕೇ ಮುಖ ಮಾಡಿರುತ್ತದೆ. ಒಂದೇ ಅಡ್ಡಪಟ್ಟಿಯ ಪೆಡಲಿನಲ್ಲಿ ಪಾದವೂ 20 ಡಿಗ್ರಿ ತಿರುಚಿಕೊಳ್ಳುತ್ತದೆ, ಅರ್ಧ ಗಂಟೆಯಲ್ಲಿ ಕಣಕಾಲು ನೋಯುತ್ತದೆ.

ಕೀಲುಗಳು ಒಟ್ಟು ಆರು. ಒಂದೊಂದಕ್ಕೆ ಎರಡರಂತೆ 608 ನಂಬರಿನ ಬೇರಿಂಗ್ ಹನ್ನೆರಡು ಬೇಕು. ಒಳತೂತು 8 ಮಿ.ಮೀ., ಹೊರವ್ಯಾಸ 22, ದಪ್ಪ 7. ಸ್ಕೇಟ್ ಚಕ್ರಗಳಲ್ಲಿರುವುದು ಇದೇ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಮಾತ್ರವಲ್ಲ, ತಾಲ್ಲೂಕು ಕೇಂದ್ರದ ಬೇರಿಂಗ್ ಅಂಗಡಿಯಲ್ಲೂ ನಂಬರ್ ಹೇಳಿದರೆ ಕೊಡುತ್ತಾರೆ. ಒಂದೇ ಬೇರಿಂಗ್ ಸಾಕಲ್ಲವೇ ಎಂದು ಉಳಿಸಲು ಹೋಗಬೇಡಿ. ಒಂಟಿ ಬೇರಿಂಗಿನ ಮೇಲೆ ಪಟ್ಟಿ ತಕ್ಕಡಿಯಂತೆ ಓಲಾಡುತ್ತದೆ. ಎರಡಿದ್ದಾಗ ಮಾತ್ರ ಕೀಲು ಒಂದೇ ಅಕ್ಷದ ಸುತ್ತ ತಿರುಗುತ್ತದೆ.

ಮೊದಲು 14 ಮಿ.ಮೀ. ತೂತನ್ನು ಆರಪಾರ ಕೊರೆಯಬೇಡಿ, ಕ್ರಮ ತಪ್ಪಿದರೆ ದೊಡ್ಡ ಬಿಟ್ಟಿಗೆ ನಡು ಸಿಗದು. 3 ಮಿ.ಮೀ. ಗುರುತಿನ ತೂತು ಆರಪಾರ ಹೊಡೆದು, ಬಡಗಿಗಳು ಕಬ್ಬೋರ್ಡಿನ ಹಿಂಜಿಗೆ ಬಳಸುವಂಥದೇ ಚಪ್ಪಟೆ ತಳದ ಬಿಟ್ಟಿನಿಂದ, ಆದರೆ 22 ಮಿ.ಮೀ. ಅಳತೆಯದರಿಂದ, ಎರಡೂ ಕಡೆ 7 ಮಿ.ಮೀ. ಆಳದ ಗುಂಡಿ ಮಾಡಿ. ನಡುವೆ 4 ಮಿ.ಮೀ. ಮರ ಉಳಿಯುತ್ತದೆ. ಅದಕ್ಕೆ ಈಗ 14 ಮಿ.ಮೀ. ತೂತು. ಬೇರಿಂಗುಗಳನ್ನು ಬೆಂಚ್ ವೈಸಿನಲ್ಲಿ ಹಿಡಿದು ಒತ್ತಿ ಕೂರಿಸಿ. ಸುತ್ತಿಗೆಯಿಂದ ಹೊಡೆದರೆ ಒಳಗಿನ ಗುಂಡುಗಳು ಹಾದಿಯಲ್ಲಿ ಗುಳಿ ಮಾಡುತ್ತವೆ, ಆಮೇಲೆ ಪೆಡಲ್ ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತದೆ. ಎರಡು ಬೇರಿಂಗುಗಳ ಒಳರಿಂಗುಗಳ ನಡುವೆ 8 ಮಿ.ಮೀ. ಒಳವ್ಯಾಸ, 10 ಮಿ.ಮೀ. ಹೊರವ್ಯಾಸದ ಅಲ್ಯೂಮಿನಿಯಂ ಕೊಳವೆಯ ತುಂಡೊಂದು ಇರಲೇಬೇಕು. ಅದರ ಉದ್ದ ಉಳಿದ ಮರದ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚು, 4.1 ಅಥವಾ 4.2 ಮಿ.ಮೀ. ಇರಲಿ. ಈ ತುಂಡಿಲ್ಲದೆ ನಟ್ ಬಿಗಿದರೆ ಒಳರಿಂಗುಗಳು ಒಂದರತ್ತ ಒಂದು ಎಳೆದುಕೊಂಡು ಬೇರಿಂಗ್ ಹಿಡಿದುಕೊಳ್ಳುತ್ತದೆ. ಹಿಡಿಯಿತೆಂದು ನಟ್ ಸಡಿಲಿಸಿದರೆ ಪ್ಲೇ ಬರುತ್ತದೆ. ತುಂಡಿದ್ದರೆ ನಟ್ಟನ್ನು ಗಟ್ಟಿಯಾಗಿಯೇ ಬಿಗಿಯಬಹುದು. ಬೇರಿಂಗಿಗೂ ಪಕ್ಕದ ಮರಕ್ಕೂ ನಡುವೆ ಹಾಕುವ ವಾಷರ್ ಒಳರಿಂಗನ್ನು ಮಾತ್ರ ಮುಟ್ಟುವಷ್ಟು ಚಿಕ್ಕದಿರಲಿ, ಅಗಲ ವಾಷರ್ ಬೇರಿಂಗಿನ ಮುಚ್ಚಳವನ್ನು ಉಜ್ಜುತ್ತದೆ.

ಎಂ8 ಅಳತೆಯ 60 ಮಿ.ಮೀ. ಬೋಲ್ಟ್ ಆರು, ನೈಲಾನ್ ಒಳಪದರದ ಲಾಕ್ ನಟ್ ಆರು. ತಳಕ್ಕೆ 600 x 400 ಮಿ.ಮೀ. ಅಳತೆಯ 18 ಮಿ.ಮೀ. ಪ್ಲೈ. ನಡುವಿನ ಎರಡು ಬೋಲ್ಟುಗಳ ಮೇಲೆಯೇ ಎಲ್ಲ ಬಲ ಬೀಳುವುದರಿಂದ ಅವುಗಳ ಅಡಿಯಲ್ಲಿ 3 ಮಿ.ಮೀ. ಕಬ್ಬಿಣದ ತಗಡು ಹಾಕಿ ತಳಕ್ಕೆ ಸ್ಕ್ರೂ ಮಾಡಿ. ಪಾದದ ಭಾರಕ್ಕೆ ಉದ್ದಪಟ್ಟಿಗಳು ಬಾಗದಂತೆ ಅವುಗಳ ತುದಿಗಳಡಿ ಕುರ್ಚಿ ಕಾಲಿಗೆ ಹೊಡೆಯುವ ನೈಲಾನ್ ಗುಂಡಿ ಕೂರಿಸಿ, ಅದು ಜಾರುವ ಜಾಗದಲ್ಲಿ ತಳಕ್ಕೆ ಸನ್‌ಮೈಕಾ ತುಂಡು ಅಂಟಿಸಿ. ಪಟ್ಟಿ 20 ಡಿಗ್ರಿಗಿಂತ ಮುಂದೆ ಹೋಗದಂತೆ ಎರಡು ಮರದ ತಡೆಗಳನ್ನು ರಬ್ಬರ್ ಅಂಟಿಸಿ ನಿಲ್ಲಿಸಿ.

ಸ್ಲೈಡ್ ಪೊಟೆನ್ಶಿಯೋಮೀಟರಿಗೆ ಬರುವ ಕೊಂಡಿಯಲ್ಲೂ ಎಚ್ಚರ ಬೇಕು. ಪಟ್ಟಿಯ ಬಿಂದು ಕಮಾನಿನಲ್ಲಿ ಚಲಿಸುತ್ತದೆ, ಗುಬುಟು ನೇರ ಗೆರೆಯಲ್ಲಿ. ತುದಿಗೆ ಬಂದಾಗ ಎರಡಕ್ಕೂ ಅಡ್ಡಲಾಗಿ ಸುಮಾರು 5 ಮಿ.ಮೀ. ವ್ಯತ್ಯಾಸ. ಹಾಗಾಗಿ ನೇರವಾಗಿ ಬಿಗಿದರೆ ಗುಬುಟು ಮುರಿಯುತ್ತದೆ. ಸೈಕಲ್ ಸ್ಪೋಕಿನ 120 ಮಿ.ಮೀ. ತುಂಡಿನ ಎರಡೂ ತುದಿಗಳನ್ನು ಎರಡು ಸಲ ಲಂಬವಾಗಿ ಬಗ್ಗಿಸಿ ಕೊಂಡಿ ಮಾಡಿ. ಅದು ಕೂರುವ 2 ಮಿ.ಮೀ. ತೂತು ಮರದಲ್ಲಿರದೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡಿನಲ್ಲಿರಲಿ. ಇಷ್ಟಾದರೂ ಕೊಂಡಿಯಲ್ಲಿ ಸ್ವಲ್ಪ ಸಡಿಲ ಉಳಿದೇ ಉಳಿಯುತ್ತದೆ. ಅದನ್ನು ಪೂರ್ತಿ ತೆಗೆಯುವ ಹಟ ಬೇಡ. ಒಂದೇ ಕಡೆಗೆ ಒರಗಿಸಿಬಿಡಿ. ಗುಬುಟಿನಿಂದ ತಳಕ್ಕೆ ಒಂದು ತೆಳು ರಬ್ಬರ್ ಬ್ಯಾಂಡ್ ಎಳೆದು ಕಟ್ಟಿದರೆ ಕೊಂಡಿ ಸದಾ ತೂತಿನ ಒಂದೇ ಅಂಚಿಗೆ ಒತ್ತಿಕೊಂಡಿರುತ್ತದೆ, ಸಡಿಲವಿದ್ದೂ ಓದಿಗೆ ಕಾಣಿಸುವುದಿಲ್ಲ. ಗುಬುಟಿನ ಸೀಳು ಕೆಳಮುಖವಾಗಿರುವಂತೆ ಕೂರಿಸಿ, ನೆಲದ ದೂಳು ಒಳಗೆ ಬೀಳುವುದು ತಪ್ಪುತ್ತದೆ.

ಸ್ಪ್ರಿಂಗು, ಸೊನ್ನೆಯ ಜಾಗ

ಹಿಂದಿನ ಅಡ್ಡಪಟ್ಟಿಯಲ್ಲಿ ನಡುವಿನಿಂದ ಎಡಬಲಕ್ಕೆ 75 ಮಿ.ಮೀ. ದೂರದಲ್ಲಿ ಒಂದೊಂದು ಎಳೆಯುವ ಸ್ಪ್ರಿಂಗು ಸಿಕ್ಕಿಸಿ, ಎರಡನ್ನೂ ಹಿಂದಕ್ಕೆ ತಳದ ಕೊಕ್ಕೆಗೆ ಕಟ್ಟಿ. ಆಯ್ಕೆ ಹೀಗಿರಲಿ: ಎಳೆಯದಿದ್ದಾಗ 80 ಮಿ.ಮೀ. ಉದ್ದ, ಮತ್ತು ಒಂದೂವರೆ ಲೀಟರ್ ನೀರು ತುಂಬಿದ ಬಾಟಲಿ ನೇತುಹಾಕಿದರೆ ಸುಮಾರು 10 ಮಿ.ಮೀ. ಹಿಗ್ಗುವಷ್ಟು ಬಿಗಿ. ಪೆಡಲ್ ನಡುವೆ ಇದ್ದಾಗ ಸ್ಪ್ರಿಂಗು 110 ಮಿ.ಮೀ.ಗೆ ಹಿಗ್ಗಿರುವಂತೆ ಕೊಕ್ಕೆ ಹೊಡೆಯಿರಿ. ಪೆಡಲ್ ಪೂರ್ತಿ ಒತ್ತಿದಾಗ ಒಂದು 136 ಮಿ.ಮೀ.ಗೆ ಹೋಗುತ್ತದೆ, ಇನ್ನೊಂದು 84ಕ್ಕೆ ಇಳಿಯುತ್ತದೆ. 84 ಎಂದರೆ ಇನ್ನೂ ಸ್ವಲ್ಪ ಎಳೆದೇ ಇದೆ, ಇದೇ ಮುಖ್ಯ. ಕಡಿಮೆ ಎಳೆದು ಕಟ್ಟಿದರೆ ಒಂದು ಸ್ಪ್ರಿಂಗು ನಡುದಾರಿಯಲ್ಲೇ ಜೋತುಬೀಳುತ್ತದೆ, ಅಲ್ಲಿಂದ ಮುಂದೆ ಕಾಲಿಗೆ ಭಾರ ಏರುವ ರಭಸ ಥಟ್ಟನೆ ಅರ್ಧಕ್ಕಿಳಿದು, ಹಿಂದೆ ಬರುವಾಗ ಟಕ್ ಎಂದು ಸದ್ದಾಗುತ್ತದೆ. ಈ ಅಳತೆಗೆ ಪೂರ್ತಿ ಒತ್ತಲು ಪಾದದಲ್ಲಿ ಸುಮಾರು 4 ಕೆ.ಜಿ. ಬಲ ಬೇಕಾಗುತ್ತದೆ. ಕಾಲಿಗೆ ಅದು ಹಿತ. ಹಗುರ ಸ್ಪ್ರಿಂಗಿನಲ್ಲಿ ಪಾದದ ಭಾರವೇ ರಡ್ಡರ್ ಒತ್ತಿಬಿಡುತ್ತದೆ. ಹಿಗ್ಗಿದ ಸ್ಪ್ರಿಂಗು ಕೊಕ್ಕೆಯನ್ನು 8 ಕೆ.ಜಿ.ಗೂ ಮೀರಿ ಎಳೆಯುವುದರಿಂದ ಕೊಕ್ಕೆಗೆ ಬರೀ ಮೊಳೆ ಸಾಲದು, ಆರಪಾರ ಬೋಲ್ಟ್ ಹಾಕಿ.

ಪೆಡಲನ್ನು ಎಡತುದಿಯಿಂದ ಮೆಲ್ಲಗೆ ಬಿಟ್ಟು ನಿಂತ ಮೇಲೆ ಬೋರ್ಡಿನ ಓದನ್ನು ಬರೆದುಕೊಳ್ಳಿ. ಬಲತುದಿಯಿಂದ ಬಿಟ್ಟು ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸ ಹತ್ತು ಮೆಟ್ಟಿಲಿನೊಳಗಿದ್ದರೆ ಸಂತೋಷ. ಮೂವತ್ತು, ನಲವತ್ತು ಬಂದರೆ ಎಲ್ಲೋ ಉಜ್ಜುತ್ತಿದೆ ಅಥವಾ ಸಡಿಲವಿದೆ. ಯಾವುದು ಎಂದು ತಿಳಿಯಲು ಮುಂದಿನ ಅಡ್ಡಪಟ್ಟಿಯನ್ನು ಕ್ಲ್ಯಾಂಪಿನಲ್ಲಿ ತಳಕ್ಕೆ ಕಚ್ಚಿಸಿ, ಪೆಡಲನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಓದು ಬದಲಾಗದೆ ಪೆಡಲ್ ಅಲ್ಲಾಡಿದರೆ ಕೀಲು ಸಡಿಲ. ಪೆಡಲ್ ಅಲ್ಲಾಡದೆ ಕೊಂಡಿಯನ್ನು ಬೆರಳಿನಲ್ಲಿ ತಟ್ಟಿದಾಗ ಓದು ಹಾರಿದರೆ ಕೊಂಡಿ ಸಡಿಲ. ಎರಡೂ ಇಲ್ಲದಿದ್ದರೆ ಉಜ್ಜುವಿಕೆ, ನೈಲಾನ್ ಗುಂಡಿಗಳಡಿ ನೋಡಿ. ನಿಂತ ಜಾಗವೇ ನಡುವಿನಿಂದ ದೂರವಿದ್ದರೆ ಸಾಫ್ಟ್‌ವೇರಿನಲ್ಲಿ ತಿದ್ದದೆ ಒಂದು ಕೊಕ್ಕೆಯನ್ನು ಒಂದೆರಡು ಮಿ.ಮೀ. ಸರಿಸಿ ಸರಿಪಡಿಸಿ.

ನುಣುಪು ನೆಲದ ಮೇಲೆ ಈ ಪೆಡಲ್ ಒತ್ತಿದರೆ ತಳವೇ ಮುಂದೆ ಜಾರುತ್ತದೆ. ರಬ್ಬರ್ ಕಾಲು ಸಾಲದು. ಕುರ್ಚಿಯ ಕಾಲಿಗೂ ಪೆಡಲಿನ ತಳಕ್ಕೂ ಒಂದು ಹಲಗೆಯಿಂದ ಸಂಬಂಧ ಕಲ್ಪಿಸಿ. ನೀವು ಒತ್ತುವ ಬಲಕ್ಕೆ ಎದುರು ಬಲ ಕುರ್ಚಿಯ ಬೆನ್ನಿನಿಂದಲೇ ಬರುವುದು, ಎರಡನ್ನೂ ಜೋಡಿಸಿದರೆ ಯಾವುದೂ ಕದಲದು. ಗಾಲಿಕುರ್ಚಿಯಾದರೆ ಇದನ್ನು ಮಾಡದೆ ಹಾರಲೇ ಆಗದು.

ಬೋರ್ಡು ಮತ್ತು ತಂತಿ

ಪ್ರೊ ಮೈಕ್ರೊ ಒಳ್ಳೆಯ ಆಯ್ಕೆ. ಅದರ ಎಟಿಮೆಗಾ32ಯು4 ಚಿಪ್ಪು ಯುಎಸ್‌ಬಿಯಲ್ಲಿ ನೇರವಾಗಿ ತಾನೇ ಜಾಯ್‌ಸ್ಟಿಕ್ ಎಂದು ಹೇಳಿಕೊಳ್ಳಬಲ್ಲದು. ಆರ್ಡುಯಿನೊ ಊನೊ ಆರ್3 ಬೋರ್ಡು ಇದನ್ನು ನೇರವಾಗಿ ಮಾಡಲಾರದು. ಹೊಸಬರು ಊನೊ ಕೊಂಡು ಪೇಚಾಡುವುದು ಇಲ್ಲಿಯೇ. ಒಂದು ಮಾತು ನೋಡಿಕೊಳ್ಳಿ: ಪ್ರೊ ಮೈಕ್ರೊ 5 ವೋಲ್ಟಿನದೂ ಇದೆ, 3.3 ವೋಲ್ಟಿನದೂ ಇದೆ. ಪೊಟೆನ್ಶಿಯೋಮೀಟರಿಗೆ ವಿದ್ಯುತ್ತನ್ನು ವಿಸಿಸಿ ಎಂದು ಬರೆದ, ಚಿಪ್ಪು ತಾನೇ ಬಳಸುವ ವಿದ್ಯುತ್ತಿನ ಪಿನ್ನಿನಿಂದಲೇ ಕೊಡಬೇಕು. 3.3 ವೋಲ್ಟಿನ ಬೋರ್ಡಿನಲ್ಲಿ ಯುಎಸ್‌ಬಿ ವಿದ್ಯುತ್ತು ನೇರವಾಗಿ ಬರುವ ರಾ ಪಿನ್ನಿನಿಂದ 5 ವೋಲ್ಟ್ ಎಳೆದರೆ ಮೂರರಲ್ಲಿ ಎರಡು ಭಾಗ ಓಟಕ್ಕೇ ಓದು 1023 ಮುಟ್ಟಿ ನಿಲ್ಲುತ್ತದೆ, ಚಿಪ್ಪಿಗೂ ಅಪಾಯ. ಬೇರೆ ಅಡಾಪ್ಟರಿನಿಂದಲೂ ಕೊಡಬಾರದು. ಚಿಪ್ಪು ತನ್ನ ವಿಸಿಸಿಯನ್ನೇ ಅಳತೆಗೋಲು ಮಾಡಿಕೊಂಡು ಓದುತ್ತದೆ. ಪೊಟೆನ್ಶಿಯೋಮೀಟರೂ ಅದೇ ವಿದ್ಯುತ್ತಿನಲ್ಲಿದ್ದರೆ ಯುಎಸ್‌ಬಿ ವೋಲ್ಟೇಜ್ ಏರಿಳಿದರೂ ಅನುಪಾತ ಕೆಡದು.

ಪೆಡಲಿನಿಂದ ಬೋರ್ಡಿನವರೆಗೆ ಎರಡು ಕೋರಿನ, ಜಾಲರಿ ಹೊದಿಕೆಯ ಆಡಿಯೊ ವೈರು ಬಳಸಿ. ಕೋರುಗಳಲ್ಲಿ ವಿಸಿಸಿ ಮತ್ತು ನಡುಗಾಲು, ಜಾಲರಿಯಲ್ಲಿ ಗ್ರೌಂಡ್. ಬೋರ್ಡಿನ ಬಳಿ ನಡುಗಾಲಿನ ಪಿನ್ನಿಗೂ ಗ್ರೌಂಡಿಗೂ ನಡುವೆ 104 ಎಂದು ಬರೆದ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ. ಮುಂದೆ ದೀಪಗಳನ್ನು ಸೇರಿಸಿದಾಗ ಅವುಗಳ ಗ್ರೌಂಡ್ ತಂತಿಯನ್ನು ಬೇರೆಯೇ ಎಳೆಯಿರಿ. ಒಂದೇ ತಂತಿ ಹಂಚಿಕೊಂಡರೆ ದೀಪ ಹೊತ್ತಿದಾಗಲೆಲ್ಲ ರಡ್ಡರ್ ಒಂದಿಷ್ಟು ಸರಿಯುತ್ತದೆ. ಬೋರ್ಡಿನ ಯುಎಸ್‌ಬಿ ಕಿಂಡಿ ಬಲು ನಾಜೂಕು, ಕೇಬಲ್ಲನ್ನು ತಳಕ್ಕೆ ಕ್ಲಿಪ್ ಹೊಡೆದು ಬಿಗಿಯಿರಿ.

ಪ್ರೋಗ್ರಾಮಿನಲ್ಲಿ ಪ್ರತಿ ಸಲ ಹದಿನಾರು ಬಾರಿ ಓದಿ, ಕೂಡಿಸಿ, ನಾಲ್ಕರಿಂದ ಭಾಗಿಸಿ. 0ಯಿಂದ 4092ರವರೆಗಿನ ನಯವಾದ ಅಂಕಿ ಸಿಗುತ್ತದೆ. ಆಮೇಲೆ ಹಳೆಯ ಬೆಲೆಯ ಮುಕ್ಕಾಲು, ಹೊಸದರ ಕಾಲು ಸೇರಿಸಿ ಕಳಿಸಿ, ಸೆಕೆಂಡಿಗೆ ನೂರು ಸಲ. ಇನ್ನೂ ನುಣುಪು ಬೇಕೆಂದು ಹಳೆಯದರ ಪಾಲನ್ನು ಶೇ. 95ಕ್ಕೆ ಏರಿಸುವವರಿದ್ದಾರೆ. ಆಗ ಪರದೆಯ ರಡ್ಡರ್ ಕಾಲಿಗಿಂತ ಹಿಂದೆ ಬೀಳುತ್ತದೆ, ನೀವು ಹೆಚ್ಚು ಒತ್ತುತ್ತೀರಿ, ವಿಮಾನ ರನ್‌ವೇಯಲ್ಲಿ ಹಾವಿನಂತೆ ಹೊರಳುತ್ತದೆ. ನಡುಕವನ್ನು ಕೀಲಿನಲ್ಲೇ ನಿಲ್ಲಿಸಿದ್ದರೆ ಇಷ್ಟೊಂದು ಶೋಧಿಸುವ ಅಗತ್ಯವೇ ಬರದು. ಯಾವ ತಂತಿಯೂ ಇಲ್ಲದ ಪಿನ್ನನ್ನು ಜಾಯ್‌ಸ್ಟಿಕ್ಕಿನ ಅಕ್ಷವೆಂದು (ಚಲನೆಯ ಒಂದು ಅಳತೆ) ಘೋಷಿಸಬೇಡಿ, ಅದು ಗಾಳಿಯಲ್ಲಿ ತೇಲಿ ತನ್ನಿಷ್ಟದ ಅಂಕಿ ಕಳಿಸುತ್ತಿರುತ್ತದೆ.

ತುದಿಗಳನ್ನು ಹೊಂದಿಸುವ ಕೆಲಸ ಒಂದೇ ಕಡೆ ನಡೆಯಲಿ. ಪ್ರೋಗ್ರಾಮಿನಲ್ಲಿ ಒಮ್ಮೆ, ವಿಂಡೋಸ್‌ನಲ್ಲಿ ಒಮ್ಮೆ, ಎಕ್ಸ್-ಪ್ಲೇನಿನಲ್ಲಿ ಇನ್ನೊಮ್ಮೆ ಮಾಡಿದರೆ ಯಾವುದು ಯಾವುದನ್ನು ಕೆಡಿಸಿತೆಂದು ಪತ್ತೆಯಾಗುವುದಿಲ್ಲ. ಎಕ್ಸ್-ಪ್ಲೇನಿನದೇ ಸಾಕು. ಸತ್ತ ಜಾಗವನ್ನು, ಅಂದರೆ ನಡುವಿನಲ್ಲಿ ಚಲನೆ ಲೆಕ್ಕಕ್ಕೆ ಬಾರದ ಪಟ್ಟಿಯನ್ನು, ಶೇ. 2ರಷ್ಟಿಡಿ.

ಥ್ರಾಟಲ್, ಮಿಕ್ಸ್ಚರ್

172ರಲ್ಲಿ ಇವು ಸನ್ನೆಕೋಲುಗಳಲ್ಲ, ಪ್ಯಾನೆಲ್ಲಿನಿಂದ ಎಳೆದು ತಳ್ಳುವ ಗುಬುಟುಗಳು. ಎಂಜಿನ್ ಬಲ ಏರಿಳಿಸುವ ಥ್ರಾಟಲ್ ಕಪ್ಪು, ಗಾಳಿಗೆ ಬೆರೆಯುವ ಇಂಧನದ ಪಾಲನ್ನು ಹೊಂದಿಸುವ ಮಿಕ್ಸ್ಚರ್ ಕೆಂಪು. ಕಾರ್ಬುರೇಟರ್ ಇದ್ದ ಹಳೆಯ 172ಗಳಲ್ಲಿ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಗುಬುಟೂ ಇತ್ತು. 172ಎಸ್ ಮಾದರಿಯಲ್ಲಿ ಕಾರ್ಬುರೇಟರ್ ಇಲ್ಲದೆ ಇಂಧನ ಚಿಮ್ಮುವುದರಿಂದ (ಫ್ಯುಯಲ್ ಇಂಜೆಕ್ಷನ್) ಅದಿಲ್ಲ. ನೀವು ಹಾರಿಸುವ ಮಾದರಿ ಯಾವುದೆಂದು ನೋಡಿಯೇ ತೂತು ಕೊರೆಯಿರಿ. 10 ಮಿ.ಮೀ. ಅಲ್ಯೂಮಿನಿಯಂ ಕೊಳವೆ, ಅದು ಜಾರಲು ನೈಲಾನ್ ಬುಷ್, ಹಿಂದೆ ಅದೇ 60 ಮಿ.ಮೀ. ಸ್ಲೈಡ್ ಪೊಟೆನ್ಶಿಯೋಮೀಟರ್. ಬುಷ್ ಎರಡು ಇರಲಿ, ಒಂದು ಪ್ಯಾನೆಲ್ಲಿನಲ್ಲಿ, ಇನ್ನೊಂದು 80 ಮಿ.ಮೀ. ಹಿಂದೆ. ಒಂದೇ ಇದ್ದರೆ ಕೊಳವೆ ಓರೆಯಾಗಿ ಕಚ್ಚುತ್ತದೆ. ಇಲ್ಲಿ ಸ್ಪ್ರಿಂಗು ಬೇಡ. ಬಿಟ್ಟಲ್ಲೇ ನಿಲ್ಲಬೇಕಾದ್ದರಿಂದ ಉಜ್ಜುವಿಕೆಯೇ ಬೇಕು. ಹಿಂದಿನ ಬುಷ್ಷನ್ನು ಉದ್ದಕ್ಕೆ ಸೀಳಿ, ಹೊರಗಿಂದ ಹೋಸ್ ಕ್ಲಿಪ್ ಹಾಕಿ ಬೇಕಾದಷ್ಟು ಬಿಗಿ ಮಾಡಿ.

ಮಿಕ್ಸ್ಚರ್ ಅಲಂಕಾರಕ್ಕೆ ಎಂದುಕೊಳ್ಳಬೇಡಿ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಅಲ್ಲಿಂದ ಏರಿ ಸೆಕೆಗಾಲದಲ್ಲಿ 6000 ಅಡಿಗೆ ಹೋದಾಗ ತೆಳುಗಾಳಿಗೆ ತಕ್ಕಂತೆ ಇಂಧನ ತಗ್ಗಿಸದಿದ್ದರೆ ಸಿಮ್ಯುಲೇಟರಿನ ಎಂಜಿನ್ನೂ ಬಲ ಕಳೆದುಕೊಳ್ಳುತ್ತದೆ. ಬೆರಳ ತುದಿಯಲ್ಲಿ ಮಿಲಿಮೀಟರ್ ಮಿಲಿಮೀಟರಾಗಿ ಎಳೆಯಲು ಬರುವ ಗುಬುಟು ಅದಕ್ಕೇ ಬೇಕು.

ರೆಕ್ಕೆಯ ಹಿಂದಿನಂಚನ್ನು ಕೆಳಕ್ಕಿಳಿಸುವ ಫ್ಲಾಪ್ ಸುಲಭ. 172ಎಸ್‌ನಲ್ಲಿ 0, 10, 20, 30 ಡಿಗ್ರಿ, ನಾಲ್ಕು ನಿಲುಗಡೆ. ನಾಲ್ಕು ಸ್ಥಾನದ ರೋಟರಿ ಸ್ವಿಚ್ ತಂದು, 1 ಕಿಲೋ ಓಮಿನ ಮೂರು ರೆಸಿಸ್ಟರುಗಳನ್ನು ಗ್ರೌಂಡಿನಿಂದ ವಿಸಿಸಿಯವರೆಗೆ ಸಾಲಾಗಿ ಬೆಸೆದು, ನಾಲ್ಕು ಸಂದುಗಳನ್ನು ನಾಲ್ಕು ಸ್ಥಾನಗಳಿಗೆ ಕೊಡಿ. ಒಂದೇ ಪಿನ್ನಿನಲ್ಲಿ 0, 341, 682, 1023 ಓದು ಬರುತ್ತದೆ, ಅದನ್ನು ಫ್ಲಾಪ್ ಅಕ್ಷಕ್ಕೆ ಕಟ್ಟಿ. ಸ್ಥಾನ ಬದಲಿಸುವ ಕ್ಷಣದಲ್ಲಿ ಪಿನ್ನು ತೇಲುವುದರಿಂದ ಪಿನ್ನಿಗೂ ಗ್ರೌಂಡಿಗೂ ಮತ್ತೊಂದು 104 ಕೆಪಾಸಿಟರ್ ಹಾಕುವುದು ಒಳ್ಳೆಯದು.

ಸ್ವಿಚ್ ಪ್ಯಾನೆಲ್

ಎಲ್ಲರೂ ಎಡವುವ ಜಾಗ, ಮೇಲೆ ಅಥವಾ ಕೆಳಗೆ ಹಾಕಿದಲ್ಲೇ ನಿಲ್ಲುವ ಟಾಗಲ್ ಸ್ವಿಚ್ಚು. ಜಾಯ್‌ಸ್ಟಿಕ್ ಬಟನ್ನಿಗೆ ಆಜ್ಞೆ ಕಟ್ಟಿದರೆ ಅದು ಒತ್ತಿದಾಗ ನಡೆಯುತ್ತದೆ. ಟಾಗಲ್ಲನ್ನು ಮೇಲೆತ್ತಿದರೆ ಲ್ಯಾಂಡಿಂಗ್ ಲೈಟ್ ಹೊತ್ತುತ್ತದೆ, ಕೆಳಗಿಳಿಸಿದರೆ ಏನೂ ಆಗದು. ಹಾಗಾಗಿ ಒಂದು ಟಾಗಲ್ಲಿಗೆ ಎರಡು ಬಟನ್ ಸಂಖ್ಯೆ ಕೊಡಿ. ಮೇಲೆ ಹೋದಾಗ ಮೊದಲನೆಯದು, ಕೆಳಗೆ ಬಂದಾಗ ಎರಡನೆಯದು ಕನಿಷ್ಠ 50 ಮಿಲಿಸೆಕೆಂಡ್ ಒತ್ತಿ ಬಿಡುವಂತೆ ಪ್ರೋಗ್ರಾಂ ಮಾಡಿ, ‘ಆನ್’ ಮತ್ತು ‘ಆಫ್’ ಆಜ್ಞೆಗಳನ್ನು ಬೇರೆ ಬೇರೆ ಕಟ್ಟಿ. ಇನ್ನೂ ಚಿಕ್ಕ ಮಿಡಿತ ಕಳಿಸಿದರೆ ಸಿಮ್ಯುಲೇಟರ್ ಆಗಾಗ ಗಮನಿಸುವುದೇ ಇಲ್ಲ. ಸ್ವಿಚ್ಚನ್ನು ಪಿನ್ನಿಗೂ ಗ್ರೌಂಡಿಗೂ ನಡುವೆ ಹಾಕಿ ಸ್ವಿಚ್ಚು ಹಾಕದಿದ್ದಾಗ ಪಿನ್ನು ತೇಲದಂತೆ ಹಿಡಿಯುವ, ಚಿಪ್ಪಿನ ಒಳಗಿನ ಪುಲ್‌ಅಪ್ ಬಳಸಿ. ಪಿನ್ನು ಸಾಲದೆ ಐದು ಸಾಲು, ಐದು ಕಂಬದ ಜಾಲ ಮಾಡಿದರೆ ಹತ್ತು ಪಿನ್ನಿನಲ್ಲಿ 25 ಸ್ವಿಚ್ಚು ಕೂರುತ್ತವೆ. ಪ್ರತಿಯೊಂದಕ್ಕೂ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುವ 1ಎನ್4148 ಡಯೋಡ್ ಬೇಕೇ ಬೇಕು. ಟಾಗಲ್ಲುಗಳು ಒತ್ತಿದಂತೆಯೇ ಇರುವುದರಿಂದ ಡಯೋಡ್ ಇಲ್ಲದ ಜಾಲದಲ್ಲಿ ಮೂರು ಸ್ವಿಚ್ಚು ಹಾಕಿದರೆ ನಾಲ್ಕನೆಯದೊಂದು ತಾನೇ ಹಾಕಿದಂತೆ ಕಾಣುತ್ತದೆ.

ಎಂಜಿನ್ನಿನ ಕಿಡಿಯನ್ನು ನಿಯಂತ್ರಿಸುವ ಮ್ಯಾಗ್ನೆಟೊ ಸ್ವಿಚ್ಚಿಗೆ ಆಫ್, ಆರ್, ಎಲ್, ಬೋತ್, ಸ್ಟಾರ್ಟ್ ಎಂದು ಐದು ಸ್ಥಾನ. 12 ಸ್ಥಾನದ ರೋಟರಿ ಸ್ವಿಚ್ಚಿನ ನಟ್ಟಿನಡಿಯ ಹಲ್ಲಿರುವ ರಿಂಗನ್ನು ಸರಿಸಿ ನಾಲ್ಕಕ್ಕೆ ಮಿತಿಗೊಳಿಸಿ, ಸ್ಟಾರ್ಟಿಗೆ ಪಕ್ಕದಲ್ಲಿ ಒತ್ತುವ ಬಟನ್ ಇಡಿ. ಸ್ಟಾರ್ಟ್ ಬಿಟ್ಟೊಡನೆ ಹಿಂದೆ ಬರಬೇಕು, ರೋಟರಿ ಹಾಗೆ ಬರುವುದಿಲ್ಲ. ರೇಡಿಯೊ ಕಂಪನಾಂಕ ಬದಲಿಸಲು, ತಿರುಗಿಸಿದ ಟಿಕ್‌ಗಳನ್ನು ತಿಳಿಸುವ ಇಸಿ11 ಎನ್‌ಕೋಡರ್ ಸಾಕು. ಒಂದು ಟಿಕ್ ತಿರುಗಿಸಿದರೆ ಎರಡು ಹೆಜ್ಜೆ ಹೋಗುತ್ತಿದ್ದರೆ, ಅಥವಾ ಎರಡು ಟಿಕ್‌ಗೆ ಒಂದೇ ಹೆಜ್ಜೆ ಬಂದರೆ ಅದು ಕೆಟ್ಟಿಲ್ಲ. ಕೆಲವು ಎನ್‌ಕೋಡರುಗಳು ಟಿಕ್ಕಿಗೆ ಪೂರ್ತಿ ಆವರ್ತ ಕೊಡುತ್ತವೆ, ಕೆಲವು ಅರ್ಧ, ಪ್ರೋಗ್ರಾಮಿನಲ್ಲಿ ಅದನ್ನು ಹೇಳಬೇಕು. ಪ್ಯಾನೆಲ್ ದೊಡ್ಡದಾಗಿ ದೀಪಗಳೂ ಬೇಕಾದಾಗ ಮೊಬಿಫ್ಲೈಟ್ ಎಂಬ ಉಚಿತ ತಂತ್ರಾಂಶ ಮತ್ತು ಆರ್ಡುಯಿನೊ ಮೆಗಾ 2560 ನೋಡಿ. ಅದರಲ್ಲಿ 54 ಡಿಜಿಟಲ್ ಪಿನ್ನುಗಳಿವೆ, ಪ್ರೋಗ್ರಾಂ ಬರೆಯುವ ಕೆಲಸವೂ ಇಲ್ಲ. ಆ ಬೋರ್ಡ್ ಜಾಯ್‌ಸ್ಟಿಕ್ ಆಗಿ ಕಾಣಿಸುವುದಿಲ್ಲ. ಆದ್ದರಿಂದ ಪೆಡಲ್, ಥ್ರಾಟಲ್ ಪ್ರೊ ಮೈಕ್ರೊದಲ್ಲೇ ಇರಲಿ, ಸ್ವಿಚ್ಚು ದೀಪಗಳು ಮೆಗಾದಲ್ಲಿ.

ಯೋಕ್ ಅನ್ನು, ಅಂದರೆ ಪೈಲಟ್ ಕೈಯಲ್ಲಿ ಹಿಡಿಯುವ ಚುಕ್ಕಾಣಿಯನ್ನು, ಕೊನೆಗಿಟ್ಟುಕೊಳ್ಳಿ. ಎಳೆತ ಮತ್ತು ತಿರುವು ಒಂದೇ ದಂಡದಲ್ಲಿ ಬರುವುದರಿಂದ ಕೀಲಿನ ಕೆಲಸ ದುಪ್ಪಟ್ಟು ಕಷ್ಟ. ಡ್ರಾಯರ್ ಚಾನೆಲ್ ಮೇಲೆ ಕಟ್ಟಿದ ಯೋಕ್‌ಗಳಲ್ಲಿ ಅಡ್ಡ ಸಡಿಲ ಹೆಚ್ಚು. 12 ಮಿ.ಮೀ. ಉಕ್ಕಿನ ದಂಡ ಮತ್ತು ಅದರ ಮೇಲೆ ಜಾರುವ ಎಲ್ಎಂ12ಯುಯು ಬೇರಿಂಗುಗಳಿಂದ ಶುರುಮಾಡುವುದು ಮೇಲು. ಪೆಡಲಿನ ಆರು ಕೀಲು ಕೈಗೆ ಹತ್ತಿದ ಮೇಲೆ ಅದಕ್ಕೆ ಕೈಹಾಕಿ.

ಕಾಲ್ಬೆರಳ ಬ್ರೇಕನ್ನೂ ಈಗ ಬಿಡಬಹುದು. ಪಾದದ ಹಲಗೆಗೆ ತಳದಲ್ಲಿ ಹಿಂಜ್, ಹಿಂದೆ ಸ್ಪ್ರಿಂಗು, ಪ್ರತಿ ಕಾಲಿಗೆ ಒಂದು ಸೆನ್ಸರ್. ಪೆಡಲಿನ ಜೊತೆ ಹಿಂದೆ ಮುಂದೆ ಓಡಾಡುವ ಆ ತಂತಿ ಹಲವು ಎಳೆಯದಿರಲಿ, ಒಂಟಿ ಎಳೆಯದು ಬಾಗಿ ಬಾಗಿ ತುಂಡಾಗುತ್ತದೆ. ಸೇರಿಸಿದ ದಿನ ಪೂರ್ತಿ ಥ್ರಾಟಲ್ ಕೊಟ್ಟರೂ ವಿಮಾನ ಕದಲದಿದ್ದರೆ ಎಂಜಿನ್ ಹುಡುಕಬೇಡಿ. ಬ್ರೇಕ್ ಅಕ್ಷ ತಿರುಗುಮುರುಗಾಗಿದೆ, ಕಾಲು ತೆಗೆದಾಗ ಪೂರ್ತಿ ಬ್ರೇಕ್ ಬಿದ್ದಿದೆ. ಎಕ್ಸ್-ಪ್ಲೇನಿನ ಜಾಯ್‌ಸ್ಟಿಕ್ ಪುಟದಲ್ಲಿ ಆ ಎರಡು ಅಕ್ಷಗಳ ದಿಕ್ಕನ್ನು ತಿರುಗಿಸಿ, ಎರಡೂ ಕಾಲು ಬಿಟ್ಟಾಗ ಪರದೆಯ ಮೇಲಿನ ಅಕ್ಷದ ಪಟ್ಟಿ ಖಾಲಿ ತೋರುವುದನ್ನು ನೋಡಿದ ಮೇಲೆ ರನ್‌ವೇಗೆ ಹೋಗಿ.